೧೨೩ ಅಂದ್ರೆ ಸೊನ್ನೆಯಾ?

ಮೊನ್ನೆ ಒಂದು ತರಲೆ ಯೋಚನೆ ಬಂತು. ಕನ್ನಡದ ‘೧೨೩’ನ್ನ ಪ್ರೋಗ್ರಾಮಿಂಗ್ ಭಾಷೆಗಳು ಸಂಖ್ಯೆ ಅಂತ ಓದುತ್ತವಾ? ಕೊಟ್ಟು ನೋಡಿದೆ.

ಪೈಥಾನ್ ೩ರ ಇಂಟ್, ಜಾವಾದ ಪಾರ್ಸ್‌ಇಂಟ್ ಎರಡೂ ಸಲೀಸಾಗಿ ಓದಿದವು. ಖುಷಿಯಾಯ್ತು! ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯೇ ಅಲ್ಲ’ ಅಂತು. ಬೇಜಾರಾದ್ರೂ ಪ್ರಾಮಾಣಿಕ ಉತ್ತರ. ಸಿ ಭಾಷೆಯ ‘ಎ-ಟು-ಐ’ ಮಾತ್ರ ತೆಪ್ಪಗೆ ಸೊನ್ನೆ ಕೊಡ್ತು. ನಿಜವಾದ ಸೊನ್ನೆ ಕೊಟ್ರೂ ಅದೇ ಉತ್ತರ. ಅಜ್ಜಿ ಅರ್ಜಿಯಲ್ಲಿ ವಯಸ್ಸು ‘೭೨’ ಅಂತ ಬರೆದ್ರೆ, ಇನ್ನೂ ಒಂದು ವರ್ಷ ತುಂಬದ ಕೂಸು!

ಜಾವಾವನ್ನೂ ಪೂರ್ತಿ ಹೊಗಳೋ ಹಾಗಿಲ್ಲ. ಅದರ ಇಂಟ್‌ನಲ್ಲಿ ಹಿಡಿಯೋದು ಹೆಚ್ಚೆಂದ್ರೆ ೨೧೪,೭೪,೮೩,೬೪೭. ಅದಕ್ಕಿಂತ ದೊಡ್ಡದನ್ನ ಓದು ಅಂದ್ರೆ ತಪ್ಪು ಅಂತ ಕೂಗುತ್ತೆ. ಆದರೆ ಅದಕ್ಕೇ ಒಂದು ಕೂಡಿಸಿ ನೋಡಿ, ಸದ್ದಿಲ್ಲದೆ ಮೈನಸ್ ೨೧೪,೭೪,೮೩,೬೪೮ ಆಗುತ್ತೆ! ಮುಂಬಾಗಿಲಿಗೆ ಕಾವಲು, ಹಿತ್ತಿಲ ಬಾಗಿಲು ಹಾರು ಹೊಡೆದಿದೆ. ೨೦೧೪ರ ಜಾವಾ ೮ರಲ್ಲಿ ‘ಆಡ್‌ಎಕ್ಸಾಕ್ಟ್’ ಬಂತು, ಅದು ಉಕ್ಕಿದ್ರೆ ಕೂಗುತ್ತೆ. ಆದ್ರೆ ನಾವು ನೆನಪಿಟ್ಟು ಅದನ್ನೇ ಕರೀಬೇಕು. ಪೈಥಾನ್‌ಗೆ ಈ ತಲೆನೋವೇ ಇಲ್ಲ, ಸಂಖ್ಯೆ ಬೆಳೆದಂತೆ ಜಾಗಾನೂ ಬೆಳೆಯುತ್ತೆ.

ನನ್ನ ಪ್ರಕಾರ, ‘ಗೊತ್ತಿಲ್ಲ’ ಅನ್ನೋ ಭಾಷೆ ಪರವಾಗಿಲ್ಲ. ಗೊತ್ತಿಲ್ಲದೆಯೂ ಉತ್ತರ ಹೇಳೋದು ಅಪಾಯ. ನೀವೇನಂತೀರಿ?