ಗುರಿಗೊಂದು ಗುಂಡು, ಬೇಟೆಗೊಂದು ಗುಂಡು
ಹೊಸೂರಿನ ಆಚೆಯ ಜವಳಗಿರಿ, ಅಂಚೆಟ್ಟಿ, ಡೆಂಕಣಿಕೋಟೆಯ ಕಾಡುಗಳನ್ನು ಕನ್ನಡದ ಓದುಗರು ಬಹುಪಾಲು ಕಂಡದ್ದು ಕೆನೆತ್ ಆಂಡರ್ಸನ್ನರ ನರಭಕ್ಷಕ ಕಥೆಗಳಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ. ಆಂಡರ್ಸನ್ನರ ನೆಚ್ಚಿನ ರೈಫಲ್ .405 ವಿಂಚೆಸ್ಟರ್. ಅದರ ಗುಂಡಿನ ತೂಕ 300 ಗ್ರೇನ್, ಅಂದರೆ 19 ಗ್ರಾಮಿನಷ್ಟು. ಇಂಥ ದೊಡ್ಡ ಬೇಟೆಗೆ ಮೂತಿಯಲ್ಲಿ ಸೀಸ ತೆರೆದಿಟ್ಟ ಮೆದುಮೂತಿಯ ಗುಂಡೇ ಬೇಕು. ಮಾಂಸಕ್ಕೆ ಹೊಕ್ಕೊಡನೆ ಅದು ಅಣಬೆಯಂತೆ ಅರಳಿ, ಒಡೆದು ಚೂರಾಗದೆ ಆಳಕ್ಕಿಳಿಯುತ್ತದೆ. ಸ್ಪರ್ಧೆಯ ಮ್ಯಾಚ್ ಗುಂಡಿನ ಹುಟ್ಟೇ ಬೇರೆ. ತೆಳು ತಾಮ್ರದ ಕವಚ, ತುದಿಯಲ್ಲಿ ಸೂಜಿ ತೂತು, ಕೂದಲೆಳೆಯಷ್ಟೂ ತಪ್ಪದ ಸಮತೂಕ: ಎಲ್ಲವೂ ಕಾಗದ ತೂತು ಮಾಡುವುದಕ್ಕೆ. ಪ್ರಾಣಿಯ ಮೈಯಲ್ಲಿ ಅದು ಒಮ್ಮೆ ಅರಳದೆ ಆರಪಾರ ಹೋಗುತ್ತದೆ, ಇನ್ನೊಮ್ಮೆ ಹೆಗಲ ಮೂಳೆಗೆ ಬಡಿದು ಮೇಲೆಯೇ ಪುಡಿಯಾಗುತ್ತದೆ. ಪ್ರಸಿದ್ಧ ಮ್ಯಾಚ್‌ಕಿಂಗ್ ಗುಂಡನ್ನು ಮಾಡುವ ಅಮೆರಿಕದ ಸಿಯೆರಾ ಕಂಪನಿಯೇ ಅದನ್ನು ಬೇಟೆಗೆ ಶಿಫಾರಸು ಮಾಡುವುದಿಲ್ಲ. ನಿಖರತೆಯೊಂದೇ ಸಾಕೆನ್ನುವವರ ವಾದವನ್ನು ನಾನು ಒಪ್ಪಲಾರೆ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಪಡುವ ನೋವು ದೊಡ್ಡದು. ಅದರ ಬೆಲೆ ತೆರುವವರು ಊರಿನವರು. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹುಲಿಯ ಬಲಗಡೆಯ ಕೋರೆಹಲ್ಲುಗಳನ್ನು ಹಿಂದೆಂದೋ ಬಿದ್ದ ಗುಂಡು ಮುರಿದಿತ್ತು. ಸಹಜ ಬೇಟೆ ಕೈಗೂಡದೆ ಅದು ಮನುಷ್ಯರತ್ತ ತಿರುಗಿತ್ತು. 1972ರ ವನ್ಯಜೀವಿ ಕಾಯ್ದೆ ನಮ್ಮಲ್ಲಿ ಶಿಕಾರಿಯ ಕಾಲವನ್ನು ಮುಗಿಸಿತು, ಮುಗಿಸಿದ್ದು ಒಳ್ಳೆಯದೇ ಆಯಿತು. ಆಂಡರ್ಸನ್ ಅಲೆದ ಆ ಸೀಮೆಯ ಒಂದು ಭಾಗ ಈಗ ಕಾವೇರಿ ಉತ್ತರ ವನ್ಯಜೀವಿಧಾಮ. ಅಲ್ಲಿ ಉಳಿದಿರುವ ಅಪಾಯ ಕಳ್ಳಬೇಟೆಯ ನಾಡಬಂದೂಕು. ಅದಕ್ಕೆ ನಿಖರತೆಯೂ ಇಲ್ಲ, ಸರಿಯಾದ ಗುಂಡೂ ಇಲ್ಲ.