ಮೊದಲು ಕೂಲಿ, ಆಮೇಲೆ ಸಾಲ

ರಾಂಪುರದ ಅಂಗಡಿಕಟ್ಟೆಯಲ್ಲಿ ವಿಮಾನದ ಮಾತೇಕೆ ಎಂದು ಓದುಗರು ಕೇಳಬಹುದು. ಆಕಾಶದಲ್ಲಿ ಹಾರುವ ವಿಮಾನಕ್ಕೂ ಚಳ್ಳಕೆರೆಯ ಎಣ್ಣೆ ಗಿರಣಿಗೂ ಮೊಳಕಾಲ್ಮೂರಿನ ಮಗ್ಗಕ್ಕೂ ಏನು ನಂಟು? ನಂಟು ಇದೆ. ವ್ಯಾಪಾರ ಕುಗ್ಗಿದಾಗ ನಷ್ಟವನ್ನು ಮೊದಲು ಯಾರ ತಲೆಗೆ ಕಟ್ಟುತ್ತಾರೆಂಬ ಪ್ರಶ್ನೆ ಮೂರು ಕಡೆಯೂ ಒಂದೇ.

ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿ 2005ರಲ್ಲಿ ಹಾರಾಟ ತೊಡಗಿತು. ಸಾಲದ ಮೇಲೆ ಸಾಲ ಬೆಳೆಯಿತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ನೌಕರರು ಕೆಲಸ ನಿಲ್ಲಿಸಿದರು. ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು. ಮಾಲೀಕ ವಿಜಯ್ ಮಲ್ಯ 2016ರ ಮಾರ್ಚಿಯಲ್ಲಿ ದೇಶ ಬಿಟ್ಟರು. ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ 9,000 ಕೋಟಿ ರೂಪಾಯಿ ಎಂದು ದೇಶವೆಲ್ಲ ಮಾತಾಡಿತು. ಮೂಟೆ ಹೊತ್ತವರ, ಯಂತ್ರ ದುರಸ್ತಿ ಮಾಡಿದವರ ಸಂಬಳದ ಬಾಕಿಯ ಬಗ್ಗೆ ಮಾತಾಡಿದವರೆಷ್ಟು ಮಂದಿ?

ಕಷ್ಟಕಾಲದಲ್ಲಿ ಮಾಲೀಕ ಖಾಲಿ ವಿಮಾನ ಹಾರಿಸಲಾದೀತೆ ಎಂಬ ವಾದವಿದೆ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳು ನಿಂತದ್ದು ನಿಜ. ಆ ಜುಲೈಯಲ್ಲಿ ಇಂಡಿಗೋ ಕಂಪನಿ ನೂರಕ್ಕೆ ಹತ್ತು ಮಂದಿಯನ್ನು ತೆಗೆಯುವುದಾಗಿ ಸಾರಿತು. ಆದರೆ ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ ಸರಕಾರ ವಿಮಾನ ಕಂಪನಿಗಳಿಗೆ ಸಂಬಳದ ಹಣ ಕೊಟ್ಟು, ಸೆಪ್ಟೆಂಬರ್ 30ರ ತನಕ ಯಾರನ್ನೂ ಮನೆಗೆ ಕಳಿಸಕೂಡದೆಂದು ಷರತ್ತು ಹಾಕಿತು. ಅಲ್ಲಿ ಆದದ್ದು ಇಲ್ಲೇಕೆ ಆಗದು?

ಒಗ್ಗಟ್ಟಿಗೂ ಬಲವಿದೆ. 2008ರ ಅಕ್ಟೋಬರಿನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ಮಂದಿಯನ್ನು ಕೈಬಿಡಹೊರಟಿತು. ನೌಕರರು ಬೀದಿಗಿಳಿದರು, ಕೆಲವೇ ದಿನಗಳಲ್ಲಿ ಆಡಳಿತ ಎಲ್ಲರನ್ನೂ ಹಿಂದಕ್ಕೆ ಕರೆಯಿತು. ಅದೇ ಕಂಪನಿ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ ಮಾತ್ರ, ಕರೆಯುವವರೇ ಇರಲಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದರ ಆಸ್ತಿ ಮಾರಲು ಆಜ್ಞೆ ಮಾಡಿತು.

ಕಾನೂನು ಏನು ಹೇಳುತ್ತದೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಂತೆ, ಕೆಲಸದಿಂದ ತೆಗೆಯಲು ಸರಕಾರದ ಮುಂಗಡ ಅನುಮತಿ ಬೇಕಾದದ್ದು 300ಕ್ಕೆ ಕಡಮೆಯಿಲ್ಲದ ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಮೊದಲು ಈ ಮಿತಿ 100 ಇತ್ತು. ಸಾವಿರಾರು ಮಂದಿ ದುಡಿಯುವ ವಿಮಾನ ಕಂಪನಿ ಈ ಬೇಲಿಯ ಹೊರಗೆ. ಐವತ್ತು ಮಂದಿಯ ಗಿರಣಿಯೂ ಹೊರಗೆ. ಸಮವಸ್ತ್ರ ತೊಟ್ಟವನೂ ಎಣ್ಣೆಯ ಅಂಗಿ ತೊಟ್ಟವನೂ ಒಂದೇ ಬಯಲಿನಲ್ಲಿ ನಿಂತಿದ್ದಾರೆ.

ಸಣ್ಣ ವ್ಯಾಪಾರಿ ಬಂಧುಗಳೂ ಇದನ್ನು ಪರರ ಜಗಳವೆಂದು ಎಣಿಸಬಾರದು. ಗಿರಣಿಯ ಬಟವಾಡೆ ನಿಂತ ವಾರವೇ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ದಪ್ಪವಾಗುತ್ತದೆ.

ನಾವು ಕೇಳುವುದು ಮೂರು. ಅನುಮತಿಯ ನಿಯಮ ಎಲ್ಲ ಉದ್ಯಮಗಳಿಗೂ ಅನ್ವಯಿಸಲಿ. ಸರಕಾರದ ನೆರವು ಪಡೆದ ಕಂಪನಿ ಕೆಲಸ ಉಳಿಸುವ ಷರತ್ತಿಗೆ ಒಳಪಡಲಿ. ಕಂಪನಿ ಮುಳುಗಿದರೆ ದುಡಿದವರ ಬಾಕಿ ಸಂಬಳ ಬ್ಯಾಂಕಿನ ಸಾಲಕ್ಕಿಂತ ಮೊದಲು ಸಲ್ಲಲಿ. ಬ್ಯಾಂಕು ಅಡಮಾನ ನೋಡಿ ಸಾಲ ಕೊಟ್ಟಿತು. ಕಾರ್ಮಿಕ ಬರಿಯ ಮಾತು ನಂಬಿ ತನ್ನ ಬೆವರನ್ನು ಸಾಲ ಕೊಟ್ಟ. ಯಾರ ಸಾಲ ಮೊದಲು ತೀರಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ.