ಕಂಪನಿಗಳನ್ನು ಕರೆಯುವ ಮುನ್ನ ಹೊಳೆಯ ಲೆಕ್ಕ

ಬೆಂಗಳೂರಿನ ಭಾರವನ್ನು ಇಳಿಸಬೇಕು, ಬಹುರಾಷ್ಟ್ರೀಯ ತಂತ್ರಜ್ಞಾನ ಕಂಪನಿಗಳನ್ನು ಸಣ್ಣ ನಗರಗಳಿಗೂ ಕರೆತರಬೇಕು ಎಂಬ ಮಾತು ಈಗ ಬರಿಯ ಭಾಷಣವಾಗಿ ಉಳಿದಿಲ್ಲ. ಸರ್ಕಾರದ ನೀತಿಯೇ ಆಗಿದೆ. ‘ಬಿಯಾಂಡ್ ಬೆಂಗಳೂರು’ ಎಂಬ ಕಾರ್ಯಕ್ರಮದಲ್ಲಿ ಮೈಸೂರು, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಜೊತೆಗೆ ಮಂಗಳೂರಿಗೂ ಸ್ಥಾನವಿದೆ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆಯುವ ‘ಜಾಗತಿಕ ಸಾಮರ್ಥ್ಯ ಕೇಂದ್ರ’ಗಳನ್ನು 2029ರೊಳಗೆ ಹೊಸದಾಗಿ 500ರಷ್ಟು ರಾಜ್ಯಕ್ಕೆ ತರುವ ಗುರಿಯನ್ನು 2024ರ ನೀತಿ ಇಟ್ಟುಕೊಂಡಿದೆ. ಮಂಗಳೂರಿನ ಪರವಾಗಿ ವಾದಿಸುವವರು ಬಂದರು, ವಿಮಾನ ನಿಲ್ದಾಣ, ಸುರತ್ಕಲ್ಲಿನ ಎನ್‌ಐಟಿಕೆ, ಸಾಲು ಸಾಲು ಎಂಜಿನಿಯರಿಂಗ್ ಕಾಲೇಜುಗಳು, ಬೆಂಗಳೂರಿಗಿಂತ ಕಡಿಮೆ ಬಾಡಿಗೆ ಎಂದು ಪಟ್ಟಿಯನ್ನು ಓದುತ್ತಾರೆ. ಆ ಪಟ್ಟಿಯಲ್ಲಿ ಘಟ್ಟದ ಹೆಸರಿಲ್ಲ. ಆದರೆ ನಗರ ಕುಡಿಯುವ ನೀರು ಘಟ್ಟದ್ದು. ಅದನ್ನು ಬೆಂಗಳೂರಿಗೆ ಜೋಡಿಸುವ ರಸ್ತೆಯೂ ರೈಲುಹಾದಿಯೂ ಘಟ್ಟದ ಮೈಮೇಲೆಯೇ ಹಾದುಹೋಗುತ್ತವೆ.

ಪರಿಸರದವರು ಎಲ್ಲದಕ್ಕೂ ಅಡ್ಡಿ ಎಂಬ ಆಪಾದನೆ ನಮಗೆ ಹೊಸದಲ್ಲ. ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇವೆ: ಈ ಕಂಪನಿಗಳು ಬರುವುದನ್ನು ನಮ್ಮ ಬಳಗ ವಿರೋಧಿಸುವುದಿಲ್ಲ. ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳು ಸೊರಗಿರುವ ಸುಳ್ಯ, ಶೃಂಗೇರಿ, ಕೊಪ್ಪದ ಊರುಗಳಲ್ಲಿ ಓದಿದ ಮಕ್ಕಳು ಮನೆಯಲ್ಲಿ ಉಳಿಯುವುದು ಸಾಧ್ಯವಿಲ್ಲ. ಅವರು ಬೆಂಗಳೂರಿಗೆ ಹೋದರೆ ಹಬ್ಬಕ್ಕೊಮ್ಮೆ ಬರುತ್ತಾರೆ. ಮಂಗಳೂರಿನಲ್ಲಿ ಕೆಲಸ ಸಿಕ್ಕಿದರೆ ಶನಿವಾರ ಸಂಜೆಯ ಬಸ್ಸಿಗೆ ಬಂದು, ಭಾನುವಾರ ಅಪ್ಪನ ಜೊತೆ ತೋಟಕ್ಕೆ ಇಳಿದು, ಮರುದಿನ ಹೊರಡಬಹುದು. ಇದನ್ನು ಸಣ್ಣ ಸಂಗತಿ ಎನ್ನುವವರು, ಇಬ್ಬರು ವೃದ್ಧರು ಮಾತ್ರ ಉಳಿದಿರುವ ಮನೆಯಲ್ಲಿ ಒಂದು ಮಳೆಗಾಲ ಕಳೆದು ನೋಡಲಿ.

ಇದಕ್ಕೆ ಹತ್ತಿರದ ಉದಾಹರಣೆಯೂ ಇದೆ. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಎಂಬ ತಂತ್ರಾಂಶ ಕಂಪನಿಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ ಖರೀದಿಸಿತು. ಆ ವಿದೇಶಿ ಸಂಸ್ಥೆಯನ್ನು ಇಲ್ಲಿಗೆ ಎಳೆದು ತಂದದ್ದು ಅಗ್ಗದ ಜಮೀನಲ್ಲ; ಇಲ್ಲಿಯೇ ಕೆಲಸ ಕಲಿತು ಪಳಗಿದ ಜನ. ಸಣ್ಣ ಊರಿಗೆ ದೊಡ್ಡ ಕಂಪನಿ ಬರಲು ಗುಡ್ಡ ಸವರಿಕೊಡಲೇಬೇಕೆಂಬ ನಂಬಿಕೆಗೆ ಇಷ್ಟು ಉತ್ತರ ಸಾಕು.

ನಮ್ಮ ತಕರಾರು ಇರುವುದು ಲೆಕ್ಕದ ಬಗ್ಗೆ. ಮಂಗಳೂರಿನ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಗರ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ಸರದಿಯ ಮೇಲೆ ನೀರು ಬಿಟ್ಟುಕೊಂಡು ದಿನ ದೂಡಿತು. 2019ರ ಮೇ ತಿಂಗಳಲ್ಲಿ ನೀರಿಲ್ಲದೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ಘಟಕಗಳನ್ನೇ ನಿಲ್ಲಿಸಬೇಕಾಯಿತು. ಮಳೆಯ ನೀರನ್ನು ಹುಲ್ಲುಗಾವಲು, ಶೋಲಾ ಕಾಡುಗಳು ಹಿಡಿದಿಟ್ಟು ಏಪ್ರಿಲ್‌ವರೆಗೆ ಒಸರುವಂತೆ ಬಿಡುತ್ತಿದ್ದುದರಿಂದಲೇ ಹೊಳೆ ಬೇಸಿಗೆಯಲ್ಲಿ ಹರಿಯುತ್ತಿತ್ತು. ಆ ಕಾಡು ತೆಳುವಾದಂತೆ ಜೂನಿನ ನೆರೆ ಹೆಚ್ಚುತ್ತದೆ, ಮಾರ್ಚಿನ ಹರಿವು ಕುಗ್ಗುತ್ತದೆ. ಇದರ ಮೇಲೆ ಎತ್ತಿನಹೊಳೆ ಯೋಜನೆ ಬೇರೆ. ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಬೇಕಾದ ನೀರಿನಲ್ಲಿ 24.01 ಟಿಎಂಸಿಯನ್ನು ಪೂರ್ವಕ್ಕೆ ತಿರುಗಿಸುವ ಈ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ತೆಗೆಯುವುದು ಮಳೆಗಾಲದ ನೀರನ್ನು ಮಾತ್ರ ಎಂಬುದು ಸರ್ಕಾರದ ಸಮಜಾಯಿಷಿ. ಹೊಳೆಯೆಂದರೆ ತಿಂಗಳು ತಿಂಗಳಿಗೆ ಬಾಗಿಲು ಹಾಕಿದ ಉಗ್ರಾಣವೇ? ಒಂದು ಕೈಯಲ್ಲಿ ಬಯಲುಸೀಮೆಗೆ, ಇನ್ನೊಂದು ಕೈಯಲ್ಲಿ ಹೊಸ ಕಂಪನಿಗಳಿಗೆ ಒಂದೇ ನೀರನ್ನು ಬರೆದುಕೊಡುವಾಗ ಎರಡು ಕಡತಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರೆಂದು ತಿಳಿಯುವ ಹಕ್ಕು ನಮಗಿದೆ.

ತಂತ್ರಜ್ಞಾನ ಕಂಪನಿಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನೂ ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಸಾವಿರ ಜನ ಕುಳಿತು ತಂತ್ರಾಂಶ ಬರೆಯುವ ಕಚೇರಿಗೆ ಬೇಕಾದ ನೀರು ಮುಖ್ಯವಾಗಿ ಆ ಸಾವಿರ ಜನರ ಬಳಕೆಯ ನೀರು. ದತ್ತಾಂಶ ಕೇಂದ್ರದ ಕಥೆ ಬೇರೆ. ಅಲ್ಲಿ ಜನ ಕಡಿಮೆ, ಯಂತ್ರಗಳು ಹೆಚ್ಚು. ಹಗಲಿರುಳು ಕಾಯುವ ಆ ಯಂತ್ರಗಳನ್ನು ತಣಿಸಲು ಅಪಾರ ವಿದ್ಯುತ್ತು ಬೇಕು. ಎಷ್ಟೋ ಕಡೆ ಅದಕ್ಕೆ ನೀರನ್ನೂ ಆವಿ ಮಾಡುತ್ತಾರೆ. ಉದ್ಯೋಗ ಬೆರಳೆಣಿಕೆಯಷ್ಟು, ಬಾಯಾರಿಕೆ ಮಾತ್ರ ಕಾರ್ಖಾನೆಯದು. ವಿದ್ಯುತ್ತು ಬೇಕೆಂದರೆ ಅದರ ತಂತಿ ಯಾರ ತೋಟದ ಮೇಲೆ ಹೋಗುತ್ತದೆ ಎಂಬುದನ್ನು ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಮಾರ್ಗದ ವಿರುದ್ಧ ನಿಂತ ಕೃಷಿಕರನ್ನು ಕೇಳಿದರೆ ಸಾಕು.

ರಸ್ತೆಯ ಮಾತು. ಕಂಪನಿಗಳಿಗೆ ಬೆಂಗಳೂರಿನ ನಂಟು ವೇಗವಾಗಿರಬೇಕಂತೆ. ಶಿರಾಡಿ ಘಾಟಿ 2018ರ ಆಗಸ್ಟಿನಲ್ಲಿ ಕುಸಿದು ತಿಂಗಳುಗಟ್ಟಲೆ ಸಂಚಾರ ಕಡಿದುಹೋಯಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ರಸ್ತೆಗೂ, ಕಡಗರವಳ್ಳಿ–ಎಡಕುಮೇರಿ ನಡುವೆ ರೈಲುಹಾದಿಗೂ ಗುಡ್ಡ ಜಾರಿತು. ಚತುಷ್ಪಥಕ್ಕಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದ ಜಾಗಗಳನ್ನು ಆ ದಾರಿಯಲ್ಲಿ ಓಡಾಡಿದ ಎಲ್ಲರೂ ಕಂಡಿದ್ದಾರೆ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿಯೇ ಎಚ್ಚರಿಸಿತ್ತು. ಆ ವರದಿಯನ್ನು ಓದದೆ ಬೈದವರೇ ಹೆಚ್ಚು, ನಮ್ಮ ಕಡೆಯವರೂ ಅದರಲ್ಲಿ ಸೇರಿದ್ದಾರೆಂಬುದನ್ನು ಒಪ್ಪಿಕೊಳ್ಳಬೇಕು.

ಜಮೀನಿನ ವಿಚಾರದಲ್ಲಿ ಕರಾವಳಿಯ ರೈತರಿಂದ ನಾವು ಕಲಿಯುವುದಿದೆ. ಮಂಗಳೂರಿನ ವಿಶೇಷ ಆರ್ಥಿಕ ವಲಯದ ಎರಡನೆಯ ಹಂತಕ್ಕೆಂದು ಗುರುತಿಸಿದ್ದ ಸುಮಾರು 2,000 ಎಕರೆಯನ್ನು ಪೆರ್ಮುದೆ, ಎಕ್ಕಾರು ಸುತ್ತಲಿನ ಜನ ಹೋರಾಡಿ 2011ರಲ್ಲಿ ಬಿಡಿಸಿಕೊಂಡರು. ಮೊದಲ ಹಂತಕ್ಕೆ ಹೋದ ಹೊಲಗಳು ಮರಳಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಕಚೇರಿಗಳು ಬರುವುದಾದರೆ ನಗರದೊಳಗೆ ಈಗಾಗಲೇ ಇರುವ ಕಟ್ಟಡಗಳಿಗೆ, ಈಗಾಗಲೇ ಸ್ವಾಧೀನಪಡಿಸಿಕೊಂಡ ಜಮೀನಿಗೆ ಬರಲಿ. ರಿಯಾಯಿತಿ ಕೊಡುವ ಆದೇಶದಲ್ಲಿಯೇ ಆ ಕಂಪನಿ ಏಪ್ರಿಲ್, ಮೇ ತಿಂಗಳಲ್ಲಿ ಬಳಸುವ ನೀರಿನ ಪ್ರಮಾಣವನ್ನು ನಮೂದಿಸಿ ಪ್ರಕಟಿಸಲಿ. ನೇತ್ರಾವತಿಯ ಬೇಸಿಗೆ ನೀರನ್ನು ದತ್ತಾಂಶ ಕೇಂದ್ರಗಳಿಗೆ ಕೊಡುವುದು ಬೇಡ. ಕುಡಿಯುವ ನೀರಿಗಾಗಿ ನಗರ ಸಂಗ್ರಹಿಸುವ ಹಣದಲ್ಲಿ ಒಂದು ಪಾಲು ಹೊಳೆಯ ತಲೆಯಲ್ಲಿರುವ ಗ್ರಾಮ ಪಂಚಾಯತಿಗಳಿಗೆ, ಕಾಡು ಉಳಿಸುವ ಕೆಲಸಕ್ಕೆ ಸಲ್ಲಲಿ. ಕಡೆಯದು ಸುಲಭವಾಗಿ ಸಿಗುವುದಿಲ್ಲವೆಂದು ಬಲ್ಲೆವು, ಆದರೂ ಕೇಳುತ್ತೇವೆ.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಗಳನ್ನು ನಿರ್ಣಯವಾಗಿ ಬರೆಸಿ, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಮತ್ತೊಂದನ್ನು ನಮ್ಮ ಬಳಗಕ್ಕೂ ಕಳುಹಿಸಿಕೊಡಬೇಕೆಂದು ಓದುಗರಲ್ಲಿ ವಿನಂತಿ. ಕಾಲೇಜಿನ ಗೆಳೆಯರು ತಮ್ಮ ಊರಿನ ಹಳ್ಳದಲ್ಲಿ ನೀರು ಯಾವ ದಿನ ನಿಂತಿತೆಂದು ಈ ವರ್ಷದಿಂದಲೇ ಗುರುತು ಹಾಕಿಕೊಳ್ಳಲಿ. ಸರ್ಕಾರದ ಲೆಕ್ಕ ಬಂದಾಗ ಅದರ ಪಕ್ಕದಲ್ಲಿಡಲು ನಮ್ಮದೊಂದು ಲೆಕ್ಕ ಬೇಕಾಗುತ್ತದೆ.